ಆಕಾಶದ ಅಂಚಿನ ಈಡು

ಎಜ್‌ವೇರ್ ಸುತ್ತಮುತ್ತಲಿನ ಕನ್ನಡದವರಲ್ಲಿ ಶೀನಪ್ಪನ ದೋಸೆ ತಿನ್ನದವರು ಕಡಿಮೆ. ಕುಂದಾಪುರದ ಕಡೆಯಿಂದ ಲಂಡನ್ನಿಗೆ ಬಂದು ಮೂವತ್ತೊಂದು ವರ್ಷವಾಯಿತು; ಅದರಲ್ಲಿ ಇಪ್ಪತ್ತೆಂಟನ್ನು ಒಂದೇ ಹೋಟೆಲಿನ ಕಾವಲಿಯ ಮುಂದೆ ಕಳೆದ. ಬೆಂಗಳೂರಿನ ಐಟಿ ಮಂದಿ ಯುಗಾದಿಗೆ ಶಾಲೆಯ ಹಾಲ್ ಬಾಡಿಗೆ ಹಿಡಿದರೆ ಸಾರು ಕುದಿಸಲು ಕರೆಸುವುದು ಇವನನ್ನೇ. ಮಾತು ಕಡಿಮೆ, ಯಾರ ತಂಟೆಗೂ ಹೋಗುವವನಲ್ಲ, ಅಡುಗೆಮನೆಯಲ್ಲಿ ಹೊಗೆಯ ಅಲಾರಂ ಬಡಿದುಕೊಂಡರೂ ಗಾಬರಿ ಬೀಳುವವನಲ್ಲ ಎಂದು ಹೆಸರು. ಇಂಥ ಸಾಧು ಮನುಷ್ಯನ ಮಲಗುವ ಕೋಣೆಯಲ್ಲಿ, ಗೋಡೆಗೆ ಬೋಲ್ಟ್ ಹೊಡೆದು ಕೂರಿಸಿದ ಕಬ್ಬಿಣದ ಕಪಾಟಿನೊಳಗೆ, ಒಂದು ರೈಫಲ್ ಇದೆ ಎಂದರೆ ಆ ಸಾರು ಸುರಿದುಕೊಂಡವರು ನಂಬಲಿಕ್ಕಿಲ್ಲ.

ಲೈಸೆನ್ಸ್ ಇರುವ ರೈಫಲ್ಲೇ, ಕಳ್ಳ ಮಾಲಲ್ಲ. ಅದಕ್ಕಾಗಿ ಅವನು ಪರೀಕ್ಷೆ ಬರೆದಿದ್ದಾನೆ, ತನ್ನ ಡಾಕ್ಟರರಿಂದ ಪತ್ರ ತಂದಿದ್ದಾನೆ. ಪೊಲೀಸ್ ಇಲಾಖೆಯವನೊಬ್ಬ ಮನೆಗೇ ಬಂದು ಕಪಾಟನ್ನು ಅಲುಗಾಡಿಸಿ ನೋಡಿ ಹೋಗಿದ್ದಾನೆ. ಆ ದಿನ ಹೆಂಡತಿ ಸುಜಾತಾ ಅಕ್ಕಪಕ್ಕದವರಿಗೆ ಕಾಣದಿರಲೆಂದು ಹಗಲಲ್ಲೇ ಪರದೆ ಎಳೆದು, ಬಂದವನಿಗೆ ಚಹಾ ಕೊಟ್ಟಳು. ಅವನು ಬಹಳ ಮರ್ಯಾದೆಯಿಂದ, "ನಿಮ್ಮ ಗಂಡನಿಗೆ ಸಿಟ್ಟು ಬರುತ್ತದೆಯೇ?" ಎಂದು ಕೇಳಿದ. "ಬರುತ್ತದೆ, ಸಾರಿಗೆ ಉಪ್ಪು ಹೆಚ್ಚಾದರೆ," ಎಂದಳು ಸುಜಾತಾ. ಅವನು ಅದನ್ನೂ ಬರೆದುಕೊಂಡು ಹೋದ. ಲೈಸೆನ್ಸ್ ಬರುವ ತನಕ ಸುಜಾತಾ ಉಪ್ಪಿನ ವಿಷಯದಲ್ಲಿ ತುಂಬಾ ಎಚ್ಚರದಿಂದ ಇದ್ದಳು.

ಲಂಡನ್ನಿನ ಹೊರವರ್ತುಲದ ದೊಡ್ಡ ರಸ್ತೆ ದಾಟಿ ಅರ್ಧ ಗಂಟೆ ಹೋದರೆ ಒಬ್ಬ ರೈತನ ಜಮೀನಿದೆ. ಹೋಟೆಲಿಗೆ ಮಸಾಲೆ ದೋಸೆಗೆಂದು ಬರುತ್ತಿದ್ದ ಗಿರಾಕಿ. ಜಿಂಕೆಗಳು ಗೋಧಿ ಮೇಯುತ್ತವೆ, ಹೊಸದಾಗಿ ನೆಟ್ಟ ಗಿಡಗಳ ತೊಗಟೆ ಸುಲಿಯುತ್ತವೆ, ಈ ದೇಶದಲ್ಲಿ ಅವನ್ನು ತಿನ್ನಲು ತೋಳವೂ ಇಲ್ಲ ಹುಲಿಯೂ ಇಲ್ಲ, ಮನುಷ್ಯನೇ ಕಡಿಮೆ ಮಾಡಬೇಕು ಎಂದು ಅವನು ಹೇಳಿಕೊಂಡಾಗ ಶೀನಪ್ಪನ ಕಿವಿ ನೆಟ್ಟಗಾಗಿತ್ತು. ಮೊದಲ ಸಲ ಹೋದಾಗ ಬೇಲಿಯ ಬುಡದಿಂದ ನಾಯಿಯಷ್ಟೇ ಎತ್ತರದ ಒಂದು ಪ್ರಾಣಿ ಹೊರಗೆ ಬಂದು ಬೊಗಳಿತು. ನೋಡಿದರೆ ಊರಿನಲ್ಲಿ ಕಾಡುಕುರಿ ಎನ್ನುವ ಸಣ್ಣ ಜಿಂಕೆಯ ಜಾತಿಯದ್ದೇ! ಯಾರೋ ದೊರೆಗಳು ಹಿಂದೆ ಏಷ್ಯಾದಿಂದ ತಂದು ಬಿಟ್ಟದ್ದಂತೆ, ಈಗ ಈ ದೇಶದ ತುಂಬಾ ಹಬ್ಬಿದೆಯಂತೆ. "ನಿಂದೂ ವೀಸಾ ಮುಗ್ದಿತ್ತಾ ಮಾರಾಯ?" ಎಂದು ಶೀನಪ್ಪ ಅದನ್ನು ಕೇಳಿದ. ಆ ದಿನ ಹೊಡೆಯಲು ಮನಸ್ಸಾಗಲಿಲ್ಲ.

ಆಮೇಲೆ ಹೊಡೆದಿದ್ದಾನೆ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮರಕ್ಕೆ ಒರಗಿಸಿದ ಅಟ್ಟಣೆಯ ಮೇಲೆ ಕೂತು, ಆರು ವಾರದಲ್ಲಿ ಐದು ವಾರ ಬರಿಗೈಯಲ್ಲೇ ಇಳಿದು ಬರುತ್ತಾನೆ. ಸಿಕ್ಕಿದ ದಿನ ಮಾಂಸವನ್ನು ಪಾಲು ಮಾಡುತ್ತಾನೆ. ಅವನ ಊರಿನಲ್ಲಿ ಬೇಟೆಯ ಮಾಂಸ ಒಬ್ಬನದಲ್ಲ. ಕೋವಿಗೊಂದು ಪಾಲು, ನಾಯಿಗೊಂದು ಪಾಲು, ಸೋವಿಗೆ, ಅಂದರೆ ಪ್ರಾಣಿಯನ್ನು ಎಬ್ಬಿಸಿ ಓಡಿಸಲು, ಬಂದವರಿಗೆಲ್ಲ ಸಮಪಾಲು, ಪಾಲು ಹಾಕುವಾಗ ದಾರಿಯಲ್ಲಿ ಹೋಗುತ್ತಾ ಕಂಡವನಿಗೂ ಒಂದು ಪಾಲು. ಇಲ್ಲಿ ನಾಯಿ ಇಲ್ಲ, ಸೋವು ಇಲ್ಲ. ಆದರೂ ರೈತನಿಗೆ, ಅವನ ಟ್ರ್ಯಾಕ್ಟರ್ ಓಡಿಸುವವನಿಗೆ, ಗೇಟು ತೆಗೆದುಕೊಟ್ಟವನಿಗೆ, ಕಾರಿನಿಂದ ಡಬ್ಬ ಇಳಿಸುವಾಗ ಎದುರಾದ ಪಕ್ಕದ ಮನೆಯ ಪಂಜಾಬಿಗೆ ಒಂದೊಂದು ಪಾಲು ಹೋಗುತ್ತದೆ. ಕೊನೆಗೆ ಸುಜಾತಾಳ ಬಾಣಲೆಗೆ ಬರುವುದು ಎರಡು ಹಿಡಿ. "ಗುಂಡ್ ಹೊಡುಕೆ ನೀವ್, ತಿಂಬುಕೆ ಊರ್ ಮಂದಿ," ಎಂದು ಅವಳು ಗೊಣಗುತ್ತಾಳೆ. ಗೊಣಗುತ್ತಲೇ ಸುಕ್ಕಕ್ಕೆ ಕಾಯಿ ಹುರಿಯುತ್ತಾಳೆ.

ಶೀನಪ್ಪನದೊಂದು ಕಟ್ಟುನಿಟ್ಟು ಇದೆ. ಪ್ರಾಣಿಯ ಹಿಂದೆ ಮಣ್ಣು ಕಾಣಬೇಕು. ದಿಣ್ಣೆಯೋ, ಗುಡ್ಡದ ಮೈಯೋ, ಗುಂಡು ತಪ್ಪಿದರೆ ಹೂತುಹೋಗಲು ಒಂದು ಗೋಡೆ. ಪ್ರಾಣಿ ಏರಿನ ತುದಿಯಲ್ಲಿ ನಿಂತು ಹಿಂದೆ ಬರೀ ಆಕಾಶ ಕಂಡರೆ, ಅದು ಎಷ್ಟೇ ಹತ್ತಿರವಿರಲಿ, ಅವನು ರೈಫಲ್ ಕೆಳಗಿಡುತ್ತಾನೆ. ಇದು ಎಲ್ಲ ಬೇಟೆಗಾರರ ನಿಯಮವೇ. ಆದರೆ ಶೀನಪ್ಪ ಅದನ್ನು ವ್ರತದ ಹಾಗೆ ಹಿಡಿದಿದ್ದ. ಹಿಂದೆ ಒಂದು ಗೇಣು ಆಕಾಶ ಕಂಡರೂ ಸೇಫ್ಟಿ ಲಾಕ್ ಎಳೆದುಬಿಡುತ್ತಿದ್ದ. ರೈತ ಅದನ್ನು ಆಡಿಕೊಂಡು ನಗುತ್ತಿದ್ದ.

ಬೇಟೆ ಕಲಿಸಿದ್ದು ಅಣ್ಣ ಮಹಾಬಲ, ಊರಿನ ಬಾಯಲ್ಲಿ ಮಾಬ್ಲಣ್ಣ. ಶೀನಪ್ಪನಿಗಿಂತ ಎಂಟು ವರ್ಷ ದೊಡ್ಡವನು, ಊರಿನಲ್ಲಿ ಜಿನಸಿ ಅಂಗಡಿ ಇಟ್ಟುಕೊಂಡಿದ್ದಾನೆ. ಎಡಗಾಲು ಊನ. ಕೋವಿ ಒರೆಸುವಾಗ ತಾನೇ ತನ್ನ ಮೊಣಕಾಲಿಗೆ ಈಡು ಹೊಡೆದುಕೊಂಡ ಬೇಟೆಗಾರ ಎಂದು ಊರೆಲ್ಲ ಮೂವತ್ತೆಂಟು ವರ್ಷದಿಂದ ನಗುತ್ತಿದೆ. ಅಂಗಡಿಗೆ ಬಂದ ಚಿಕ್ಕ ಮಕ್ಕಳೂ ಬಿಡುವುದಿಲ್ಲ. ಶೀನಪ್ಪನ ಮಗಳು ಸಮೀಕ್ಷಾ ಹತ್ತು ವರ್ಷದವಳಿದ್ದಾಗ ರಜೆಗೆ ಹೋಗಿ, "ದೊಡ್ಡಪ್ಪಯ್ಯ, ಗುರಿ ಇಟ್ಟೇ ಹೊಡ್ಕಂಡದ್ದಾ?" ಎಂದು ಕೇಳಿ ಜಗಲಿಯಲ್ಲಿ ಕೂತವರನ್ನೆಲ್ಲ ನಗಿಸಿದ್ದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಾಬ್ಲಣ್ಣನೇ. ಶೀನಪ್ಪನೂ ನಕ್ಕಿದ್ದ.

ಆ ಸಮೀಕ್ಷಾಗೆ ಈಗ ಇಪ್ಪತ್ತೇಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಶಾಲೆಯಲ್ಲಿದ್ದಾಗ ಭಾನುವಾರ ಅಪ್ಪ ಮೀನು ಹಿಡಿಯಲು ಹೋಗುತ್ತಾನೆ ಎಂದು ಗೆಳತಿಯರಿಗೆ ಹೇಳುತ್ತಿದ್ದಳು. ಕಾಲೇಜಿಗೆ ಹೋದಾಗ ಎರಡು ವರ್ಷ ಮಾಂಸ ಬಿಟ್ಟು, ಅಪ್ಪನ ರೈಫಲ್ಲಿನ ಕೋಣೆಗೇ ಕಾಲಿಡಲಿಲ್ಲ. ಈಗ ಓಲ್ಡ್ ಸ್ಟ್ರೀಟಿನ ಹತ್ತಿರ ಒಂದು ಜಾಹೀರಾತು ಕಂಪನಿಯಲ್ಲಿ ಕೆಲಸ. ಅಲ್ಲಿ ಅವಳ ಹೆಸರು ಸ್ಯಾಮ್.

ಮೇ ತಿಂಗಳ ಒಂದು ಗುರುವಾರ ಸಂಜೆ ಅವಳು ಹೇಳದೆ ಕೇಳದೆ ಮನೆಗೆ ಬಂದಳು. ಚಹಾ ಕುಡಿಯಲಿಲ್ಲ, ಕೋಟು ಬಿಚ್ಚಲಿಲ್ಲ. ಬೇಟೆಗಾರರು ತೊಡುವ ಜಾಕೆಟ್ ತಯಾರಿಸುವ ಕಂಪನಿಯೊಂದಕ್ಕೆ ಒಂದು ಜಾಹೀರಾತು ಮಾಡಿದ್ದಾಳೆ. ಯೋಚನೆ, ಚಿತ್ರ, ಎಲ್ಲ ತನ್ನದೇ. ಸ್ವಂತವಾಗಿ ಮಾಡಿದ ಮೊದಲನೆಯದು. ಶನಿವಾರ ಆರು ಮಂದಿ ನಿಜವಾದ ಬೇಟೆಗಾರರನ್ನು ಕೂರಿಸಿ ತೋರಿಸಿ ಅವರ ಅಭಿಪ್ರಾಯ ಕೇಳುತ್ತಾರೆ. ಅವರು ಒಪ್ಪಿದರೆ ಜಾಹೀರಾತು ಹೊರಗೆ ಬರುತ್ತದೆ, ಅವಳ ಕೆಲಸವೂ ಕಾಯಂ ಆಗುತ್ತದೆ. ಒಪ್ಪದಿದ್ದರೆ ಆರು ತಿಂಗಳ ಪರೀಕ್ಷೆಯ ಅವಧಿ ಮುಗಿದ ಕೂಡಲೇ ಮನೆಗೆ. ಆರರಲ್ಲಿ ಒಬ್ಬ ಜ್ವರ ಬಂದು ಕೈಕೊಟ್ಟಿದ್ದ.

"ಹಾಂಗಾರೆ ನಾ ಬತ್ತೆ," ಎಂದ ಶೀನಪ್ಪ, ಅವಳು ಕೇಳುವ ಮೊದಲೇ. ಮಗಳು ಬೇಟೆಯ ಸುದ್ದಿ ತಾನಾಗಿಯೇ ಎತ್ತಿದ್ದಕ್ಕೆ ಅವನಿಗೆ ಅಷ್ಟು ಸಂತೋಷವಾಗಿತ್ತು.

ಸಮೀಕ್ಷಾ ನೆಲ ನೋಡಿದಳು. ಕಂಪನಿಯಲ್ಲಿ ಕೆಲಸ ಮಾಡುವವರ ಸಂಬಂಧಿಕರು ಬರುವಂತಿಲ್ಲ ಎಂದು ನಿಯಮವಿದೆ, ಆದ್ದರಿಂದ ನೀವು ನನ್ನ ಅಪ್ಪ ಎಂದು ಯಾರಿಗೂ ಗೊತ್ತಾಗಬಾರದು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ತಾನು ಆ ಕೋಣೆಯಲ್ಲಿ ಇರುವುದಿಲ್ಲ, ಗೋಡೆಯಲ್ಲಿರುವ ಕನ್ನಡಿಯ ಹಿಂದೆ ಬಾಸ್ ಜೊತೆ, ಜಾಕೆಟ್ ಕಂಪನಿಯವರ ಜೊತೆ ಕೂತಿರುತ್ತೇನೆ ಎಂದಳು. ಈಚೆಯವರಿಗೆ ಅದು ಕನ್ನಡಿ, ಆಚೆಯವರಿಗೆ ಕಿಟಕಿ. "ಅಪ್ಪಾ, ಪ್ಲೀಸ್, ಚೆನ್ನಾಗಿದೆ ಅಂತ ಅಷ್ಟೇ ಹೇಳಿ. ಪ್ರಾಮಿಸ್?"

ಸುಜಾತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. "ಅಪ್ಪಯ್ಯನ್ ಹತ್ರ ಸುಳ್ ಹೇಳ್ಸುಕೆ ಹೊರ್ಟ್ಯಾ ಹೆಣೇ?" ಎಂದಳು.

"ಸುಳ್ ಎಂತದ್ದ್?" ಎಂದ ಶೀನಪ್ಪ. "ಅವ್ಳ್ ಮಾಡದ್ದ್ ಚಂದವೇ ಇರತ್ತ್. ಪ್ರಾಮಿಸ್ ಮಗಾ."

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶೀನಪ್ಪ ಅಲ್ಲಿದ್ದ. ಬಾಗಿಲಲ್ಲೇ ಒಂದು ಫಾರಂ ಕೊಟ್ಟರು. ಈ ಕಂಪನಿಯಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಯ ಮುಂದೆ 'ಇಲ್ಲ' ಎಂಬಲ್ಲಿ ಗುರುತು ಹಾಕಿದ. ಸಣ್ಣ ಗುರುತು, ಆದರೂ ಫಾರಂ ಅನ್ನು ಮಗುಚಿ ಕೊಟ್ಟ.

ಕೋಣೆಯಲ್ಲಿ ಉದ್ದನೆಯ ಮೇಜು, ದೊಡ್ಡ ಟೀವಿ, ಒಂದು ಗೋಡೆಯ ತುಂಬಾ ಕನ್ನಡಿ. ಪ್ರಶ್ನೆ ಕೇಳುವವಳು ಹೆಲೆನ್ ಎಂಬ ನಗುಮೊಗದ ಹೆಂಗಸು. ಬೇಟೆಗಾರರಲ್ಲಿ ಎಪ್ಪತ್ತು ದಾಟಿದ ಡೊರೀನ್ ಎಂಬಾಕೆ, ನಲವತ್ತು ವರ್ಷದಿಂದ ಎಸೆಕ್ಸ್ ಕಡೆಯ ಕಾಡುಗಳಲ್ಲಿ ಜಿಂಕೆ ಹೊಡೆದವಳು, ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು. ಉಳಿದವರಲ್ಲಿ ಒಬ್ಬ ನಿವೃತ್ತ ಸೈನಿಕ, ಒಬ್ಬ ಪಶುವೈದ್ಯ, ಒಬ್ಬ ಅರಣ್ಯದ ಕೆಲಸಗಾರ, ಒಬ್ಬ ಹರೆಯದ ಪ್ಲಂಬರ್. ಎಲ್ಲರಿಗೂ ಕಾಫಿ ಬಂತು. ಜಾಹೀರಾತು ಶುರುವಾಯಿತು.

ನೋಡಲು ಚೆಂದವೇ ಇತ್ತು, ಅದರಲ್ಲಿ ಸಂಶಯವಿಲ್ಲ. ಸೂರ್ಯ ಹುಟ್ಟುತ್ತಿದ್ದಾನೆ. ಬೆಟ್ಟದ ನೆತ್ತಿಯ ಮೇಲೆ, ಕೆಂಪು ಆಕಾಶಕ್ಕೆ ಎದುರಾಗಿ, ಕವಲು ಕೊಂಬಿನ ಗಂಡು ಜಿಂಕೆ ನಿಂತಿದೆ. ಕೆಳಗೆ ಹಸಿರು ಜಾಕೆಟ್ಟಿನ ಗಂಡಸು ರೈಫಲ್ ಎತ್ತುತ್ತಾನೆ. ಸದ್ದು. ಜಿಂಕೆ ಬೀಳುತ್ತದೆ. ಅವನು ನಡೆದು ಹೋಗಿ ಅದರ ಪಕ್ಕೆಯ ಮೇಲೆ ಒಂದು ಕಾಲಿಟ್ಟು ದೂರ ದಿಗಂತ ನೋಡುತ್ತಾನೆ. 'ಕಾಡು ನಿನ್ನದು' ಎಂಬ ಅಕ್ಷರ ಮೂಡುತ್ತದೆ.

ಡೊರೀನ್ ಕಾಫಿ ಲೋಟ ಕೆಳಗಿಟ್ಟು, "ಆ ಜಾಕೆಟ್ಟು ಹುಟ್ಟಿದಾಗಿನಿಂದ ಒಂದು ಮುಳ್ಳನ್ನೂ ಕಂಡಿಲ್ಲ," ಎಂದಳು. ಅಲ್ಲಿಗೆ ಕಟ್ಟೆ ಒಡೆಯಿತು. ಅವನ ಕೂದಲು ಹಾರುತ್ತಿರುವುದು ಜಿಂಕೆಯ ಕಡೆಗೆ, ಅಂದರೆ ಗಾಳಿ ಅವನ ವಾಸನೆಯನ್ನು ಅಲ್ಲಿಗೇ ಒಯ್ಯುತ್ತಿದೆ, ಜಿಂಕೆಗೆ ಮೂಗಿಲ್ಲವೇ ಎಂದ ಅರಣ್ಯದವನು. ನಮ್ಮನ್ನು ಒಂದೋ ಕೊಲೆಗಡುಕರ ಹಾಗೆ ತೋರಿಸುತ್ತಾರೆ, ಇಲ್ಲವೇ ರಾಜರ ಹಾಗೆ. ಚಳಿಯಲ್ಲಿ ಮೂರು ಗಂಟೆ ಕೂತು ಮೂಗು ಸೋರಿಸಿಕೊಂಡು ಬರಿಗೈಯಲ್ಲಿ ಮನೆಗೆ ಹೋಗುವವನನ್ನು ಯಾರೂ ತೋರಿಸುವುದಿಲ್ಲ ಎಂದ ಸೈನಿಕ. ಪಶುವೈದ್ಯನಿಗೆ ಆ ಕಾಲಿನ ಮೇಲೇ ಕೋಪ. "ನನ್ನ ನೆರೆಯವರು ಮೊದಲೇ ನನ್ನನ್ನು ಕಟುಕ ಅನ್ನುತ್ತಾರೆ. ಸತ್ತ ಪ್ರಾಣಿಯ ಮೇಲೆ ಕಾಲಿಡುವವನನ್ನು ನಾನು ನನ್ನ ಜೊತೆ ಕರೆದೊಯ್ಯುವುದಿಲ್ಲ." ಪ್ಲಂಬರ್ ಮಾತ್ರ ಬೇರೆ ರಾಗ ಹಾಡಿದ. ಇದು ಜಾಹೀರಾತು ಕಣ್ರೀ, ಪಾಠ ಅಲ್ಲ. ಕರುಳು ತೆಗೆಯುವುದನ್ನು ತೋರಿಸಿದರೆ ಜಾಕೆಟ್ ಯಾರು ಕೊಳ್ಳುತ್ತಾರೆ? ನಾನಂತೂ ಕೊಳ್ಳುತ್ತೇನೆ ಎಂದ. ಡೊರೀನ್ ಅವನನ್ನು ಅಜ್ಜಿ ಮೊಮ್ಮಗನನ್ನು ನೋಡುವ ಹಾಗೆ ನೋಡಿದಳು.

"ನೀವೇನು ಹೇಳುತ್ತೀರಿ, ಶೀನಪ್ಪ?" ಎಂದು ಹೆಲೆನ್ ಕೇಳಿದಳು.

ಶೀನಪ್ಪನ ಕಣ್ಣಿನಲ್ಲಿ ಇನ್ನೂ ಆ ಕೆಂಪು ಆಕಾಶವೇ ಇತ್ತು. ಕನ್ನಡಿಯ ಕಡೆ ನೋಡಬಾರದು ಎಂದುಕೊಂಡೇ ನೋಡಿದ. ಕಂಡದ್ದು ತನ್ನದೇ ಮುಖ. "ಚೆನ್ನಾಗಿದೆ," ಎಂದ. "ಜಾಕೆಟ್ ಚೆನ್ನಾಗಿದೆ. ಚಿತ್ರ ಚೆನ್ನಾಗಿದೆ." ಉಳಿದವರು ಅವನನ್ನು ಒಂದು ಥರ ನೋಡಿದರು. ಹೆಲೆನ್ ಬರೆದುಕೊಂಡಳು. ಮಾತು ಉಳಿಸಿಕೊಂಡೆ ಎಂಬ ಸಮಾಧಾನ ಅವನಿಗೆ ಬರಬೇಕಿತ್ತು, ಬರಲಿಲ್ಲ.

ನಡುವೆ ವಿರಾಮಕ್ಕೆ ಒಂದು ತಟ್ಟೆ ಸ್ಯಾಂಡ್‌ವಿಚ್ ಬಂತು. ಹೆಲೆನ್ ಹೊರಗೆ ಹೋದಳು. ಯಾರು ಮೊದಲು ಕೈ ಹಾಕುವುದು ಎಂದು ಇಂಗ್ಲಿಷರು ಒಬ್ಬರಿಗೊಬ್ಬರು ದಾರಿ ಬಿಡುತ್ತಾ ಕೂತಾಗ ಶೀನಪ್ಪನ ಕೈ ತನ್ನಷ್ಟಕ್ಕೆ ಕೆಲಸಕ್ಕಿಳಿಯಿತು. ಕಾಗದದ ತಟ್ಟೆಗಳನ್ನು ಸಾಲಾಗಿ ಹರಡಿ, ಒಂದೊಂದಕ್ಕೆ ಸಮಸಮ ಹಾಕಿ, ಎಲ್ಲರ ಮುಂದೆ ಸರಿಸಿದ. ಆಮೇಲೆ ಇನ್ನೊಂದು ತಟ್ಟೆಗೂ ಅಷ್ಟೇ ಹಾಕಿ, ಎದ್ದು ಹೋಗಿ ಕನ್ನಡಿಯ ಕೆಳಗಿನ ಕಟ್ಟೆಯ ಮೇಲಿಟ್ಟ.

"ಅದು ಯಾರಿಗೆ?" ಎಂದಳು ಡೊರೀನ್.

"ಆಚೆ ಕೂತವರಿಗೆ. ನಮ್ಮ ಕಡೆ ಪಾಲು ಹಾಕುವಾಗ ನೋಡಿದವರಿಗೂ ಒಂದು ಪಾಲು ಇಡಬೇಕು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಗೋಡೆಯ ಆಚೆಯಿಂದಲೂ ಯಾರೋ ನಕ್ಕದ್ದು ಸಣ್ಣಗೆ ಕೇಳಿಸಿತು. ಡೊರೀನ್ ಮಾತ್ರ ನಗು ನಿಲ್ಲಿಸಿ ಆ ಪದ್ಧತಿಯನ್ನು ಬಿಡಿಸಿ ಬಿಡಿಸಿ ಕೇಳಿದಳು: ಕೋವಿಗೆ ಎಷ್ಟು, ನಾಯಿಗೆ ಎಷ್ಟು, ತಲೆ ಯಾರಿಗೆ. ಶೀನಪ್ಪ ಎಲ್ಲವನ್ನೂ ಹೇಳಿದ. ಬಂದಾಗಿನಿಂದ ಅವನು ಹಗುರಾಗಿ ಮಾತಾಡಿದ್ದು ಅದೇ ಮೊದಲು.

ವಿರಾಮದ ನಂತರ ಹೆಲೆನ್ ಒಂದು ದೊಡ್ಡ ಫೋಟೋ ತಂದು ನಿಲ್ಲಿಸಿದಳು. ಟ್ಯೂಬ್ ರೈಲು ಸ್ಟೇಷನ್ನಿನ ಗೋಡೆಗೆ ಅಂಟಿಸುವ ಪೋಸ್ಟರ್. ಅದೇ ನೆತ್ತಿ, ಅದೇ ಆಕಾಶ, ಅದೇ ಜಿಂಕೆ, ಅದರತ್ತ ಚಾಚಿದ ರೈಫಲ್. ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಟ್ಟಳು. 'ಈ ಬೇಟೆಗಾರನಲ್ಲಿ ನಾನು ನನ್ನನ್ನು ಕಾಣುತ್ತೇನೆ' ಎಂದು ಬರೆದಿತ್ತು. ಕೆಳಗೆ ಹೌದು, ಅಲ್ಲ. ಅದರ ಕೆಳಗೆ ಸಹಿ.

ಶೀನಪ್ಪ 'ಹೌದು' ಎಂಬುದರ ಮೇಲೆ ಪೆನ್ನಿಟ್ಟ. ಪಕ್ಕದಲ್ಲಿ ಕೂತಿದ್ದ ಡೊರೀನ್ ಅದನ್ನು ಕಂಡಳು. ಅವಳಿಗೆ ಅವನ ಮೇಲೆ ಅಷ್ಟರಲ್ಲಾಗಲೇ ಗೌರವ ಹುಟ್ಟಿತ್ತು, ಆದ್ದರಿಂದಲೇ ಸಿಟ್ಟೂ ಬಂತು. "ಶೀನಪ್ಪ, ಹಿಂದೆ ಆಕಾಶ ಇದೆ. ಮಣ್ಣಿಲ್ಲ. ನಿಜ ಹೇಳಿ, ಈ ಈಡನ್ನು ನೀವು ಹೊಡೆಯುತ್ತಿದ್ದಿರಾ?"

ಬೇರೆ ಯಾರು ಕೇಳಿದ್ದರೂ ಅವನು ಹಾರಿಕೆಯ ಉತ್ತರ ಕೊಟ್ಟು ಜಾರಿಕೊಳ್ಳುತ್ತಿದ್ದ. ಆದರೆ ಕೇಳಿದವಳು ಬೇಟೆಗಾರ್ತಿ. ಅವಳಿಗೆ ಹೌದು ಎಂದು ಸುಳ್ಳು ಹೇಳಿದರೆ ತಾನು ಬೇಟೆಗಾರನಲ್ಲ. ಇಲ್ಲ ಎಂದರೆ ಅದು ಇನ್ನೂ ದೊಡ್ಡ ಸುಳ್ಳು. ಕನ್ನಡಿಯ ಹಿಂದೆ ಮಗಳ ಕೆಲಸ ಕೂತಿದೆ ಎಂಬುದೂ ಅವನಿಗೆ ಮರೆತಿರಲಿಲ್ಲ. ಪೆನ್ನು ಕೆಳಗಿಟ್ಟ.

"ಹೊಡೆದಿದ್ದೇನೆ," ಎಂದ.

ಶೀನಪ್ಪ ತನ್ನ ಹೋಟೆಲ್ ಇಂಗ್ಲಿಷಿನಲ್ಲಿ, ನಿಧಾನವಾಗಿ, ಮೇಜಿನ ಮೇಲಿನ ತನ್ನ ಕೈಗಳನ್ನು ನೋಡುತ್ತಾ ಹೇಳಿದ. ಆಗ ತನಗೆ ಇಪ್ಪತ್ತು ವರ್ಷ ವಯಸ್ಸು. ಬೆಳೆದ ಗದ್ದೆಗೆ ಹಂದಿ ಬೀಳುತ್ತಿತ್ತು. ಬೆಳೆ ಕಾಯಲೆಂದು ಸರಕಾರ ಲೈಸೆನ್ಸ್ ಕೊಟ್ಟ ಕೋವಿ ಅಣ್ಣನ ಹೆಸರಿನಲ್ಲಿತ್ತು. ಒಂದು ಬೆಳಿಗ್ಗೆ ಅಣ್ಣ, "ನೀನು ಇಲ್ಲೇ ಕೂರು, ನಾನು ಹಂದಿ ಎಬ್ಬಿಸಿ ಸೋದು ಬರುತ್ತೇನೆ," ಎಂದು ಕೋವಿಯನ್ನು ಇವನ ಕೈಗೆ ಕೊಟ್ಟು ಹಾಡಿಯ ಮರಗಳ ನಡುವೆ ಇಳಿದ. ಗದ್ದೆಯಂಚಿನ ಎತ್ತರದ ದರೆಯ ಮೇಲೆ ಹಂದಿ ಬಂದು ನಿಂತಿತು. ಹಿಂದೆ ಆಕಾಶ, ಆಗಷ್ಟೇ ಕೆಂಪಾಗಿತ್ತು. ಇಷ್ಟು ಚೆಂದದ ಗುರಿ ಜನ್ಮದಲ್ಲೇ ಸಿಕ್ಕಿರಲಿಲ್ಲ. ಹೊಡೆದ. ಹಂದಿ ಓಡಿಹೋಯಿತು. ಗುಂಡು ದರೆಯ ಆಚೆ ಇಳಿಯಿತು. ಆಚೆ ಅಣ್ಣ ಇದ್ದ.

"ಸತ್ತುಹೋದರೇ?" ಎಂದು ಪ್ಲಂಬರ್ ಪಿಸುಗುಟ್ಟಿದ.

"ಇಲ್ಲ. ಮೊಣಕಾಲು ಹೋಯಿತು. ನನಗೆ ಲೈಸೆನ್ಸ್ ಇರಲಿಲ್ಲ. ಪೊಲೀಸರಿಗೆ ಗೊತ್ತಾದರೆ ನಾನು ಜೈಲಿಗೆ. ಅಣ್ಣ ರಕ್ತದಲ್ಲಿ ಬಿದ್ದುಕೊಂಡೇ, 'ಕೋವಿ ನನ್ನ ಹೆಸರಿನಲ್ಲಿದೆ, ತಪ್ಪೂ ನನ್ನ ಹೆಸರಿನಲ್ಲೇ ಇರಲಿ' ಎಂದ. ಒರೆಸುವಾಗ ತನ್ನ ಕೈಯಿಂದಲೇ ಸಿಡಿಯಿತು ಎಂದು ಎಲ್ಲರಿಗೂ ಹೇಳಿದ. ಇವತ್ತಿಗೂ ಊರು ಅವನನ್ನು ನೋಡಿ ನಗುತ್ತದೆ. ನಾನೂ ಅವರ ಜೊತೆ ನಗುತ್ತೇನೆ." ಅವನು ಮೊದಲ ಸಲ ತಲೆಯೆತ್ತಿ ಕನ್ನಡಿಯನ್ನು ನೇರವಾಗಿ ನೋಡಿದ. "ಈ ಚಿತ್ರ ಮಾಡಿದವರಿಗೆ ಗೊತ್ತಿರಲಿಲ್ಲ, ಅದು ಅವರ ತಪ್ಪಲ್ಲ. ಆದರೆ ಇದನ್ನು ಸ್ಟೇಷನ್ನಿನಲ್ಲಿ ಅಂಟಿಸಬೇಡಿ. ಇಪ್ಪತ್ತು ವರ್ಷದ ಹುಡುಗ ನೋಡುತ್ತಾನೆ. ಆಕಾಶ ತುಂಬಾ ಚೆಂದ ಕಾಣುತ್ತದೆ."

ಡೊರೀನ್ ಅವನ ತೋಳಿನ ಮೇಲೆ ಕೈಯಿಟ್ಟಳು. ಆಗ ಬಾಗಿಲು ತೆರೆಯಿತು.

ಸಮೀಕ್ಷಾ ಒಳಗೆ ಬಂದು ಮೇಜಿನ ತುದಿಯಲ್ಲಿ ನಿಂತಳು. ಏಳು ಜನ ನೋಡುತ್ತಿದ್ದಾರೆ, ಗಾಜಿನ ಹಿಂದೆ ಇನ್ನೂ ನಾಲ್ಕು ಜನ ಇದ್ದಾರೆ ಎಂಬ ಪರಿವೆಯೇ ಇಲ್ಲದೆ, ತಾಯಿಯ ಬಾಯಿಂದ ಕಲಿತು ಚಿಕ್ಕಂದಿನ ನಂತರ ಬಳಸದೆ ಬಿಟ್ಟ ಭಾಷೆಯಲ್ಲಿ ಕೇಳಿದಳು: "ಅಪ್ಪಯ್ಯ, ದೊಡ್ಡಪ್ಪಯ್ಯನ್ ಕಾಲಿಗ್ ಹೊಡದ್ದ್ ನೀವಾ?"

"ಹೌದ್ ಮಗಾ," ಎಂದ ಶೀನಪ್ಪ.

ಹೆಲೆನ್ ಇಬ್ಬರನ್ನೂ ನೋಡಿದಳು. "ಸ್ಯಾಮ್, ಇವರು ನಿನಗೆ ಗೊತ್ತೇ?"

"ನನ್ನ ಅಪ್ಪ," ಎಂದಳು ಸಮೀಕ್ಷಾ. ಹೆಲೆನ್ ಪೆನ್ನಿಗೆ ಮುಚ್ಚಳ ಹಾಕಿದಳು. ಆ ದಿನದ ಕೆಲಸವೆಲ್ಲ ಅಲ್ಲಿಗೆ ರದ್ದಾಯಿತು.

ಹೊರಗೆ ಬಾಸ್ ಅವಳನ್ನು ಹತ್ತು ನಿಮಿಷ ಒಂದು ಕಡೆ ಕರೆದು ಮಾತಾಡಿದ. ಶೀನಪ್ಪ ಮೆಟ್ಟಿಲ ಹತ್ತಿರ ನಿಂತು ಕಾದ. ಬಂದವಳು, ಸೋಮವಾರ ಬಂದು ಮೇಜು ಖಾಲಿ ಮಾಡಬೇಕಂತೆ, ಎಂದಳು. ಕೆಲಸ ಹೋಯಿತು. ಜಾಹೀರಾತು ಏನಾಯಿತು ಎಂದು ಅವನು ಹೆದರುತ್ತಲೇ ಕೇಳಿದ. ಆ ಪೋಸ್ಟರ್ ಹಾಕಬೇಡಿ ಎಂದು ನಾನೇ ಹೇಳಿ ಬಂದೆ ಎಂದಳು. ಅಳಲಿಲ್ಲ. ಶೀನಪ್ಪನಿಗೆ ಕ್ಷಮೆ ಕೇಳಬೇಕೆನ್ನಿಸಿತು, ಆದರೆ ಎಲ್ಲಿಂದ ಶುರು ಮಾಡುವುದು ಎಂದು ತಿಳಿಯಲಿಲ್ಲ. ಇಬ್ಬರೂ ಎಜ್‌ವೇರ್‌ಗೆ ಹೋಗುವ ರೈಲು ಹತ್ತಿದರು.

ಗೋಲ್ಡರ್ಸ್ ಗ್ರೀನಿನಲ್ಲಿ ರೈಲು ಸುರಂಗದಿಂದ ಬೆಳಕಿಗೆ ಬಂದ ಕೂಡಲೇ ಸಮೀಕ್ಷಾ ಮೊಬೈಲ್ ತೆಗೆದು ವಿಡಿಯೋ ಕಾಲ್ ಮಾಡಿದಳು. ಊರಿನಲ್ಲಿ ಆಗ ಸಂಜೆ. ಪರದೆಯ ಮೇಲೆ ಅಂಗಡಿಯ ಬಾಳೆಗೊನೆ ಕಂಡಿತು, ಆಮೇಲೆ ಮಾಬ್ಲಣ್ಣನ ಬೋಳು ತಲೆ.

"ಓಹೋ, ಲಂಡನ್ ಹೆಣ್!" ಎಂದು ಅವನು ಕೂಗಿದ. "ಎಂತ ಹೆಣೇ, ದೊಡ್ಡಪ್ಪಯ್ಯನ್ ನೆನ್ಪಾಯ್ತಾ?"

"ದೊಡ್ಡಪ್ಪಯ್ಯ, ನಿಮ್ ಕಾಲಿಗ್ ಈಡ್ ಹೊಡದ್ದ್ ಯಾರ್?"

ಮಾಬ್ಲಣ್ಣ ನಕ್ಕ. "ಊರಿಗೇ ಗೊತ್ತಿಪ್ಪು ಕಥಿ ಅಲ್ದಾ? ನಾನೇ. ಕೋವಿ ಒರ್ಸ್ತಾ ಕೂಕಂಡಿದ್ದೆ, ಢಂ ಅಂತ್."

"ಅಪ್ಪಯ್ಯ ಬೇರೆ ಹೇಳ್ರ್."

ನಗು ನಿಂತಿತು. ಆದರೆ ಒಂದೇ ಗಳಿಗೆ. "ನಿನ್ ಅಪ್ಪಯ್ಯಂಗ್ ಮರ್ಳ್," ಎಂದ ಮಾಬ್ಲಣ್ಣ. "ಆವತ್ತ್ ಅವ ಊರಲ್ಲೇ ಇರ್ಲಿಲ್ಲೆ. ಅಜ್ಜಿ ಮನಿಗ್ ಹೋಗಿದ್ದ. ಅವಂಗೆಂತ ಗೊತ್ತಿತ್? ನೀ ಅವನ್ ಮಾತ್ ಕೇಂಬೇಡ ಮಗಾ. ನಿನ್ ಅಪ್ಪಯ್ಯ ಒಂದ್ ಇರುವಿಗೂ ನೋವ್ ಮಾಡ್ದವ ಅಲ್ಲ."

ಸಮೀಕ್ಷಾಳ ಕಣ್ಣಿನಿಂದ ನೀರು ಇಳಿಯಿತು. ಮೊಬೈಲನ್ನು ಅಪ್ಪನ ಕೈಗೆ ಕೊಟ್ಟಳು.

"ಸಾಕ್ ಅಣ್ಣ," ಎಂದ ಶೀನಪ್ಪ. "ನಾನೇ ಹೇಳ್ದೆ. ಎಲ್ರೆದ್ರಿಗೂ ಹೇಳ್ದೆ. ಇನ್ ನೀ ಹೊತ್ಕಣ್ಬೇಡ."

"ಮಗ್ಳ್ ಎದ್ರಿ ಎಂತಕ್ ಹೇಳ್ದೆ ಮಾರಾಯ?" ಮಾಬ್ಲಣ್ಣನ ದನಿ ಇಳಿದಿತ್ತು. "ಅವ್ಳ್ ನಿನ್ನ್ ಬಗ್ಗೆ ಎಂತ ತಿಳ್ಕಣ್ಕ್?"

"ತಪ್ಪಾಯ್ತ್ ಅಣ್ಣ." ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಹೇಳದ ಮಾತು, ಶನಿವಾರ ಮಧ್ಯಾಹ್ನದ ತುಂಬಿದ ಬೋಗಿಯಲ್ಲಿ, ಎದುರಿನ ಸೀಟಿನವರು ನೋಡುತ್ತಿರುವಾಗ ಬಾಯಿಂದ ಬಂತು. ಶೀನಪ್ಪ ಅಳುತ್ತಿದ್ದ. ಮರೆಮಾಡಲೂ ಹೋಗಲಿಲ್ಲ. ಸಮೀಕ್ಷಾ ಅವನ ತೋಳು ಹಿಡಿದು ಒತ್ತಿ ಕೂತಳು.

ಅಂಗಡಿಗೆ ಯಾರೋ ಬಂದು ಏನೋ ಕೇಳಿದರು. "ಆಮೇಲೆ ಬನಿ," ಎಂದು ಮಾಬ್ಲಣ್ಣ ಅವರನ್ನು ಕಳಿಸಿದ.

"ಅದ್ ಯಾರಿಗ್ ಬೇಕ್ ಬಿಡ್," ಎಂದ ಕೊನೆಗೆ. "ಹೊಡದ್ದಕ್ಕ್ ನಂಗ್ ಒಂದ್ ದಿನವೂ ಸಿಟ್ಟ್ ಬರ್ಲಿಲ್ಲೆ. ಆದ್ರೆ ಶೀನ, ಕಾಲ್ ನೋವ್ ಹ್ಯಾಂಗಿತ್ ಅಂದ್ಹೇಳಿ ಊರ್ ಮಂದಿ ಎಲ್ಲ ಕೇಂಡ್ರ್. ನೀ ಒಬ್ನೇ ಒಂದ್ ಸಲವೂ ಕೇಂಡಿಲ್ಲೆ."

ಕೇಳಿದರೆ ಒಪ್ಪಿಕೊಂಡಂತೆ ಎಂದು ಹೆದರಿ ಕೇಳಿರಲಿಲ್ಲ. ಅದನ್ನು ಶೀನಪ್ಪ ಈಗ ಹೇಳಲಿಲ್ಲ. ಮೂಗು ಒರೆಸಿಕೊಂಡು, ಮೊಬೈಲನ್ನು ಮುಖದ ಹತ್ತಿರ ತಂದು ಕೇಳಿದ.

"ನೋವ್ ಆತ್ತಾ ಅಣ್ಣ?"

"ಮಳಿಗಾಲ್ದಲ್ ಆತ್ತ್," ಎಂದ ಮಾಬ್ಲಣ್ಣ.